ದಾರವಿಲ್ಲದ ಹೊಲಿಗೆ

ನೋಡು ಕಣೇ, ಅದು ಹಸಿವಿನ ಅಳು ಅಲ್ಲ ಅಂತ ನಿನ್ನೆಯೇ ಬರೆದಿದ್ದೆನಲ್ಲ. ನೀನು ಕಣ್ಣು ಮುಚ್ಚಿದಾಗಿನಿಂದ ನಿನ್ನ ಬೆಕ್ಕು, ಆ ಮೇಡಂ, ಸೂರು ಕಿತ್ತುಹೋಗುವಂತೆ ಅಳುತ್ತಾಳೆ. ಮೀನು ಹಾಕಿದರೆ ತಿಂದು, ಮೂತಿ ನೆಕ್ಕಿಕೊಂಡು, ಮತ್ತೆ ಶುರು.

ಇವತ್ತು ಪ್ರಾಣಿಗಳ ಡಾಕ್ಟರಮ್ಮನಿಗೆ ತೋರಿಸಿದೆ. "ಬೆದೆಗೇನಾದ್ರೂ ಬಂದಿದಾಳಾ?" ಅಂದೆ.

"ಆಪರೇಷನ್ ಆಗಿದೆಯಲ್ಲ ಯಜಮಾನ್ರೇ, ಅದಲ್ಲ. ನೋವೂ ಇಲ್ಲ. ಅಳೋದು ಅವಳು, ಸೊರಗಿರೋದು ನೀವು! ಮನೇಲಿ ಏನೋ ಬದಲಾಗಿದೆ. ಮೊದಲು ಹೇಗಿತ್ತೋ ಹಾಗೇ ಇಡಿ."

ಹಾಗೇ ಇಡಬೇಕಂತೆ! ಕಾಸ್ ಅಂಡ್ ಎಫೆಕ್ಟ್, ಕಾರಣ ಮತ್ತು ಪರಿಣಾಮ, ಅಂತ ಕಾಲೇಜಿನಲ್ಲಿ ಓದಿದ್ದೆ. ಯಾವುದು ಮೊದಲು ಅನ್ನುವುದೇ ಈಗ ಮರೆತುಹೋಗಿದೆ.

ಮನೆಗೆ ಬಂದು ಅವಳ ಬುಟ್ಟಿ ತೆರೆದರೆ, ನೇರ ನಿನ್ನ ಹೊಲಿಗೆ ಮಷೀನಿನ ಕೆಳಗೆ ಹೋಗಿ ಅತ್ತಳು. ಏನೂ ತೋಚದೆ ನಾನೂ ಕುರ್ಚಿ ಎಳೆದು ಕೂತೆ. ಕಾಲು ತಾನಾಗಿ ಪೆಡಲ್ ಮೇಲೆ ಹೋಯಿತು. ದಾರವಿಲ್ಲ, ಬಟ್ಟೆಯಿಲ್ಲ, ಬರೀ ಟಕಟಕ. ಅಳು ನಿಂತಿತು. ಕಾಲು ತೆಗೆದೆ, ಅತ್ತಳು. ತುಳಿದೆ, ಸುಮ್ಮನಾದಳು. ಈ ಸದ್ದನ್ನು ಇಷ್ಟು ವರ್ಷ ಪಕ್ಕದ ಕೋಣೆಯಿಂದಲೇ ಕೇಳಿದ್ದೆ. ಹತ್ತಿರದಿಂದ ಇಷ್ಟು ಚೆನ್ನಾಗಿರುತ್ತದೆ ಅಂತ ಗೊತ್ತಿರಲಿಲ್ಲ.

ಈಗಲೂ ತುಳಿಯುತ್ತಲೇ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಅವಳಿಗೆ ಬೇಕಾದದ್ದು ಸದ್ದೋ, ನೀನೋ, ನನಗಂತೂ ತಿಳಿಯುತ್ತಿಲ್ಲ. ನನ್ನ ಇನ್ನೊಂದು ಪಾದದ ಮೇಲೆ ತಲೆಯಿಟ್ಟು ಮಲಗಿದ್ದಾಳೆ.

ಬೆಳಕು ಹೋಗುತ್ತಿದೆ. ಮಬ್ಬಾದ ಮೇಲೆ ನೀನು ಒಂದು ಹೊಲಿಗೆಯನ್ನೂ ಹಾಕುತ್ತಿರಲಿಲ್ಲ, ಮಷೀನಿಗೆ ಮುಚ್ಚಳ ಹಾಕಿಬಿಡುತ್ತಿದ್ದೆ. ಆಮೇಲೆ ನೀನು ಅವಳನ್ನು ಹೇಗೆ ಸುಮ್ಮನಿರಿಸುತ್ತಿದ್ದೆ ಕಣೇ? ಅದನ್ನು ನಾನು ನೋಡಿಯೇ ಇಲ್ಲವಲ್ಲ.