ಮೂಗು ಮಾತ್ರ ಬ್ಯಾಡ

6 ನವೆಂಬರ್ 2025, ಗುರುವಾರ

ಇವತ್ತೂ ಚಪ್ಪಲಿ ಹೊರಗೇ ಬಿಟ್ಟೆ. ಬಳೆ ಲಿಫ್ಟಿನಲ್ಲೇ ಕಳಚಿ ಪರ್ಸಿಗೆ. ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದೆ.

ಒಳಕೋಣೆಯಿಂದ ಅತ್ತೆ — "ಯಾರು ಬಂದ್ರಿ? ಅಲಕಾ, ನೀನಾ?"

ಓಗೊಡಲಿಲ್ಲ. ಅಡುಗೆಮನೆಯ ಕಿಟಕಿ ಹತ್ತಿರ ಒಂದು ಲೋಟ ನೀರು ಕುಡಿದೆ. ಸುಮ್ಮನೆ ನಿಂತೆ. ಆಮೇಲೆ ಹೋಗಿ ಬಾಗಿಲು ತೆಗೆದು ಜೋರಾಗಿ ಹಾಕಿ, ಈಗ ತಾನೇ ಬಂದವಳ ಹಾಗೆ, "ಬಂದೆ ಅತ್ತಿ!"

ಗ್ಲಾಕೋಮಾ. ಎರಡು ವರ್ಷದಿಂದ ಅತ್ತೆಗೆ ಬೆಳಕು-ಕತ್ತಲೆ ಬಿಟ್ಟರೆ ಏನೂ ಕಾಣದು. ಅದಕ್ಕೇ ಕರೆಯುತ್ತಲೇ ಇರುತ್ತಾರೆ. ಓ ಅಂದರೆ ಮುಗಿಯಿತು — ಊಟದವರೆಗೆ ತಮ್ಮೂರು ಭಾಲ್ಕಿಯ ಕಥೆಗಳು. ನನಗೋ, ಬೆಳಗಿನಿಂದ ಪಿಂಪಳಗಾಂವ್ ಬ್ಯಾಂಕ್ ಬ್ರಾಂಚಿನ ಗದ್ದಲ, ರಸ್ತೆಯಾಚೆ ಉಳ್ಳಾಗಡ್ಡಿ ಹರಾಜಿನ ಕೂಗು. ಸ್ವಲ್ಪ ಹೊತ್ತು ಯಾರ ಸೊಸೆಯೂ, ಯಾರ ತಾಯಿಯೂ ಆಗದೇ ಇರಬೇಕು ಅನಿಸುತ್ತದೆ. ಅಷ್ಟೇ.

ಅಷ್ಟೇನಾ?

ಇದನ್ನು ಕನ್ನಡದಲ್ಲಿ ಬರೆಯುವುದೂ ಹೆದರಿಕೆಗೆ. ರುಚಿತಾಗೆ ಕನ್ನಡ ಓದಲು ಬಾರದು. ಈ ನಾಸಿಕ್‌ನಲ್ಲಿ ಮಗಳಿಗೆ ಕಲಿಸದೇ ಬಿಟ್ಟದ್ದು ಹೀಗೆ ಉಪಯೋಗಕ್ಕೆ ಬಂತು.

9 ನವೆಂಬರ್, ಭಾನುವಾರ

ತಿಂಡಿ ತಿನ್ನುವಾಗ ರುಚಿತಾ ಮೊಬೈಲಿನಿಂದ ತಲೆಯೆತ್ತಿದಳು. "ಫೈವ್ ಸೆನ್ಸಸ್‌ನಲ್ಲಿ ಒಂದು ಬಿಡ್ಲೇಬೇಕು. ಯಾವುದು? ಚೀಟಿಂಗ್ ನಹೀ."

"ಮೂಗು," ಅಂದ ಅಂಬರೀಶ. "ನಿಮ್ಮಮ್ಮನ ಬ್ರಾಂಚಿನ ಉಳ್ಳಾಗಡ್ಡಿ ವಾಸನಿ ಆದ್ರೂ ತಪ್ತದ. ನಮ್ಮ ಮದುವಿ ಉಳೀತದ."

ನಾನೂ ಮೂಗೇ ಅಂದೆ. ಅದೊಂದು ಇಲ್ಲದಿದ್ದರೆ ಯಾರಿಗೂ ಹೊರೆಯಾಗುವುದಿಲ್ಲ ಅಂತ ವಿವರಿಸಿದೆ ಬೇರೆ. ಯಾರೆದುರು ಆಡಿದೆ ಅಂತ ಆಮೇಲೆ ಹೊಳೆಯಿತು.

"ಅಜ್ಜಿ, ನೀನು?"

"ನಂದು ಒಂದು ಆಗಲೇ ಕೊಟ್ಟೀನಲ್ಲೇ ಪೋರಿ. ಮತ್ತೊಂದು ಬೇಕಾ ನಿನಗ?"

"ಗೇಮ್ ಅಜ್ಜಿ. ಪ್ಲೀಜ್."

ಅತ್ತೆ ನಿಜವಾಗಿಯೂ ಯೋಚಿಸಿದರು. "ಕಿವಿ ತಗೋ. ಬೇಕಂದ್ರ ನಾಲಿಗಿನೂ ತಗೋ. ಮೂಗು ಮಾತ್ರ ಬ್ಯಾಡ."

"ಕಿವಿ? ಫಿರ್ ಯಾರು ಬಂದ್ರು, ನಿನಗೆ ಹೇಗೆ ಗೊತ್ತು ಆಗ್ತದೆ?"

"ಸುಮ್ಕಿದ್ದೋರು ಕಿವಿಗಿ ಸಿಗಲ್ಲವ. ಮೂಗಿಗಿ ಸಿಗ್ತಾರ. ನಿಮ್ಮವ್ವ ಬಾಗಲಾಗ ಕಾಲಿಟ್ರ ಸಾಕು, ಪಿಂಪಳಗಾಂವ್ ಉಳ್ಳಾಗಡ್ಡಿ ಘಮ್ ಅಂತದ."

"ಅಜ್ಜಿ ರಾಕ್ಸ್!" ಅಂದಳು ರುಚಿತಾ. ಅಂಬರೀಶ ಕೆಮ್ಮು ಬರುವಷ್ಟು ನಕ್ಕ. ನಾನೂ ನಕ್ಕೆ. ಅತ್ತೆ ನಗಲಿಲ್ಲ. ತಟ್ಟೆಯಲ್ಲಿ ಉಪ್ಪಿಟ್ಟು ಉಳಿದಿದೆಯೇ ಅಂತ ಬೆರಳಾಡಿಸುತ್ತಿದ್ದರು.

ಮಧ್ಯಾಹ್ನ

ಅತ್ತೆಗೆ ಗೊತ್ತಿತ್ತು. ಪ್ರತಿ ಸಲವೂ. ನಾನು ಉಸಿರು ಹಿಡಿದು ನಿಂತಿದ್ದೇನೆ ಅಂತ ಗೊತ್ತಿದ್ದೇ ಕರೆಯುತ್ತಿದ್ದರು. ಆಮೇಲೆ, "ಈಗ ಬಂದ್ಯಾ ತಂಗಿ?" ಅಂತಲೂ ಕೇಳುತ್ತಿದ್ದರು.

ಶುಕ್ರವಾರದ ಕುರ್ತಾ ಮೂಸಿ ನೋಡಿದೆ. ನನಗೇನೂ ವಾಸನೆ ಬರುತ್ತಿಲ್ಲ.

12 ನವೆಂಬರ್, ಬುಧವಾರ

ಇನ್ನು ಬಂದ ಕೂಡಲೇ ಓ ಅನ್ನಬೇಕು ಅಂದುಕೊಂಡಿದ್ದೆ. ಮಾಡಿದ್ದು — ಬ್ಯಾಗಿನಲ್ಲಿ ಇನ್ನೊಂದು ಕುರ್ತಾ ಒಯ್ದೆ. ಹೊರಡುವ ಮುಂಚೆ ಬ್ರಾಂಚಿನ ವಾಶ್‌ರೂಮಿನಲ್ಲಿ ಬಟ್ಟೆ ಬದಲಿಸಿ, ಕೈ, ಕುತ್ತಿಗೆ ಸೋಪು ಹಚ್ಚಿ ತೊಳೆದೆ.

ಕ್ಯಾಷಿಯರ್ ಸಮೀರ, "ಪಾರ್ಟಿ ಹೈ ಕ್ಯಾ ಮ್ಯಾಡಮ್?"

ಹೂಂ ಅಂದೆ. ಮನೆಗೆ ಬಂದರೆ ಅತ್ತೆ ನಿದ್ದೆಯಲ್ಲಿದ್ದರು. ಮೋಸವೂ ದಂಡವಾಯಿತು.

14 ನವೆಂಬರ್, ಶುಕ್ರವಾರ, ಸಂಜೆ

ಇವತ್ತೂ ಹಾಗೇ. ತೊಳೆದುಕೊಂಡು, ಬದಲಿಸಿಕೊಂಡು. ಬಾಗಿಲು ಮಾತ್ರ ಕಿರ್ ಅಂದಿತು.

"ಯಾರು? ಅಲಕಾ?"

ಸುಮ್ಮನಿದ್ದೆ. ಅತ್ತೆ ಮೂಗು ಎಳೆದುಕೊಂಡದ್ದು ಹಾಲ್‌ವರೆಗೂ ಕೇಳಿಸಿತು. ಇನ್ನೊಮ್ಮೆ ಎಳೆದುಕೊಂಡರು. ಆಮೇಲೆ ದನಿಯೇ ಬೇರೆಯಾಯಿತು.

"ಕೋಣ್ ಆಹೇ? ನನ್ನ ಮಗ ಇಲ್ಲೇ ಅದಾನ್ರಿ... ಒಳಗ ಮಲಗ್ಯಾನ..."

ಅಂಬರೀಶ ಡ್ಯೂಟಿಯಲ್ಲಿದ್ದ. ಕಳ್ಳನಿಗೆ ಹೇಳುತ್ತಿದ್ದರು ಅದನ್ನು. ನನಗೆ.

ಆಗಲೂ ಬಾಯಿ ಬರಲಿಲ್ಲ. ಇಷ್ಟು ಹೊತ್ತು ಸುಮ್ಮನಿದ್ದ ಮೇಲೆ ನಾನು ಅಂತ ಹೇಗೆ ಹೇಳುವುದು? ಬಾಲ್ಕನಿಗೆ ಹೋಗಿ ಕೂಗಬೇಕೆಂದಿರಬೇಕು, ಗಾಬರಿಯಲ್ಲಿ ತಿರುಗಿದರು. ಕಪಾಟಿನ ಮೂಲೆ ಹಣೆಗೆ ಬಡಿದ ಸದ್ದಾಯಿತು. ಓಡಿದೆ.

"ನಾನೇ ಅತ್ತಿ. ನಾನು."

ವಿಭೂತಿಯ ಮೇಲೆ ರಕ್ತ. ನನ್ನ ಕೈ ಹುಡುಕಿ ಹಿಡಿದು ಮೂಗಿಗೆ ತಂದುಕೊಂಡರು. "ಸಾಬಾಣ," ಅಂದರು. ಇನ್ನೇನೂ ಅನ್ನಲಿಲ್ಲ.

ಅಂಬರೀಶ ಬಂದ ಮೇಲೆ, "ಕಾಲು ಜಾರ್ತಪ್ಪ." ನನ್ನ ಕಡೆ ಮುಖ ಮಾಡದೇ ಹೇಳಿದರು. ಮಾಡಿದ್ದರೂ ಏನು ಕಾಣುತ್ತಿತ್ತು...

ಇದನ್ನು ಬರೆಯಬಾರದಿತ್ತು.

22 ನವೆಂಬರ್, ಶನಿವಾರ, ವಾಪಸ್ ರೈಲಿನಲ್ಲಿ

ಅತ್ತೆಯನ್ನು ಸಂಭಾಜಿನಗರದಲ್ಲಿ (ಅವರಿಗೆ ಅದು ಇನ್ನೂ ಔರಂಗಾಬಾದ) ಬಿಟ್ಟು ಬಂದೆ, ಮೈದುನ ಗುರುಬಸವನ ಮನೆಯಲ್ಲಿ. ಅವರೇ ಹೊರಟದ್ದು. "ಸಣ್ಣಾವನ ಮನ್ಯಾಗ ನಾಕ್ ದಿನ ಇರ್ತೀನಿ. ಔರಂಗಾಬಾದ ಹವಾ ಛಲೋ ಅದ."

ನಾಸಿಕ್ ರೋಡ್‌ನಿಂದ ಇಡೀ ದಾರಿ ಹೋಗಬೇಡಿ ಅನ್ನಬೇಕೆಂದಿದ್ದೆ. ದೌಲತಾಬಾದ್ ಬಂದಾಗ "ಅತ್ತಿ, ಕಿಲ್ಲಾ ಬಂತು" ಅಂದೆ. ಹಿಂದೆಲ್ಲ ಅಲ್ಲಿಂದ ಅವರ ಮದುವೆಯ ಬಸ್ಸಿನ ಕಥೆ ಶುರುವಾಗುತ್ತಿತ್ತು.

"ಹೂಂ," ಅಂದರು.

ನಾನು ಹೊರಡುವಾಗ ಹೊಸ ಮನೆಯ ಗೋಡೆ ತಡವುತ್ತಿದ್ದರು. ಹಣೆಯ ಗಾಯ ಒಣಗಿದೆ.

7 ಡಿಸೆಂಬರ್, ಭಾನುವಾರ

ಗುರುಬಸವನ ಫೋನು. ಊಟ ಸರಿ, ಶುಗರ್ ಸರಿ. ಆಮೇಲೆ — "ಒಂದು ಕೇಳ್ಲಿ ವೈನಿ? ಅವ್ವ ಯಾರನ್ನೂ ಕರೆಯೋದೇ ಇಲ್ಲ. ನೀರು ಬೇಕಾದ್ರೂ ಸುಮ್ನ ಕುಂದರ್ತಾಳ. ಅಲ್ಲೂ ಹಿಂಗೇ ಇದ್ಳೇನು?"

"ಇಲ್ಲ," ಅಂದೆ.

"ಹಂಗಾರ ಇಲ್ಲಿ ನಾವೇ ಏನರೆ ತಪ್ಪು ಮಾಡೇವೇನೋ," ಅಂದ ಪಾಪ.

ಅಲ್ಲ ಅನ್ನಲಿಲ್ಲ ನಾನು.

ಈಗ ಚಪ್ಪಲಿ ಬಡಿಯುತ್ತಲೇ ಮನೆಗೆ ಬರುತ್ತೇನೆ. ಬಳೆ ಕೈಯಲ್ಲೇ. ಬೇಕಾದಷ್ಟು ಹೊತ್ತು ಕಿಟಕಿ ಹತ್ತಿರ ನಿಲ್ಲಬಹುದು. ನಿಲ್ಲುವುದಿಲ್ಲ.

13 ಡಿಸೆಂಬರ್, ಶನಿವಾರ, ಮಧ್ಯಾಹ್ನ 2.00, ಗುರುಬಸವನ ಮನೆ

ಕರೆದೊಯ್ಯಲು ಬಂದಿದ್ದೇನೆ. ಅಂಬರೀಶನಿಗೂ ಅಷ್ಟೇ ಹೇಳಿದ್ದು, ಕಾರಣ ಹೇಳಿಲ್ಲ. ಅತ್ತೆ ಮಲಗಿದ್ದರು. "ಎದ್ದ ಮ್ಯಾಲ ಮಾತಾಡ್ರಿ ವೈನಿ," ಅಂತ ಗುರುಬಸವ ಹೆಂಡತಿಯೊಂದಿಗೆ ಬಜಾರಿಗೆ ಹೋದ.

ನಿನ್ನೆ ಬ್ರಾಂಚಿಗೆ ಹಾಕಿಕೊಂಡಿದ್ದ ಕುರ್ತಾ ತೊಳೆಯದೇ ಹಾಕಿಕೊಂಡು ಬಂದಿದ್ದೇನೆ. ಬಾಯಿ ಬರದಿದ್ದರೆ ಉಳ್ಳಾಗಡ್ಡಿಯಾದರೂ ಹೇಳಲಿ ಅಂತ. ಇದೂ ಹೇಡಿತನವೇ, ರೈಲಿನಲ್ಲೇ ಗೊತ್ತಾಯಿತು.

ಮಂಚ ಕಿರುಗುಟ್ಟಿತು. ಎದ್ದರು.

ಫ್ಯಾನಿನ ಗಾಳಿ ಅವರ ಕೋಣೆಯಿಂದ ಈ ಕಡೆ ಬರುತ್ತಿದೆ. ವಾಸನೆ ಅಲ್ಲಿಗೆ ಹೋಗಲಾರದು.

"ಯಾರರೆ ಅದೀರೇನು?"

ಕರೆದರು. ಇಲ್ಲಿಗೆ ಬಂದ ಮೇಲೆ ಮೊದಲ ಸಲ. ಅಷ್ಟು ಸಣ್ಣ ದನಿ. ನಾನಿದ್ದೇನೆ, ಮನೆಗೆ ಬರ್ರಿ — ಬಾಯಿಪಾಠ ಮಾಡಿಕೊಂಡು ಬಂದದ್ದು ಇಷ್ಟೇ. ಮತ್ತೆ ಉಸಿರು ಹಿಡಿದು ಕೂತಿದ್ದೇನೆ. ಬರೆಯುತ್ತಿದ್ದೇನೆ. ಬರೆದರೆ ಸದ್ದಾಗುವುದಿಲ್ಲ.

ಗೋಡೆ ಹಿಡಿದು ಬರುತ್ತಿದ್ದಾರೆ. ಬಾಗಿಲಲ್ಲಿ ನಿಂತರು.

"ಯಾರದೀರಿ?"

ಪೆನ್ನು ಇಡಬೇಕು, ಓ ಅನ್ನಬೇಕು. ಇಡ—