ಎಡಗೈಯಲ್ಲಿ ಬೆತ್ತದ ಬಳೆ

ವಿಲೆ ಪಾರ್ಲೆ, ಮುಂಬಯಿ
ಫೆಬ್ರವರಿ 9, 2025

ನನ್ನ ಶಿವಕ್ಕನಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಡುವೆ ಬಾಯಿ ಹಾಕದೆ ನೀನು ಒಂದು ಮಾತನ್ನಾದರೂ ಪೂರ್ತಿ ಕೇಳಿದ್ದುಂಟೇ? ಅದಕ್ಕೇ ಈ ಕಾಗದ. ಜೊತೆಗೊಂದು ಫೋಟೋ ಇದೆ. ನಾನು ಹೇಳುವ ತನಕ ಅದನ್ನು ಲಕೋಟೆಯಿಂದ ತೆಗೆಯಬೇಡ.

ನಾನು ಅಡುಗೆ ಮಾಡುವ ಮನೆಯ ತಿಲಕ್ ಸಾಲಿಯಾನರ ವಿಷಯ ನಿನಗೆ ಗೊತ್ತು. ಮಂಗಳೂರಿನ ಕಡೆಯವರು, ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು. ಅವರ ಒಳಕೋಣೆಗೆ ಮೂರು ವರ್ಷದಿಂದ ನನಗೆ ಪ್ರವೇಶವಿರಲಿಲ್ಲ. ಅಲ್ಲಿ ಧೂಳು ಒರೆಸುವುದೂ ಅವರೇ. ಜನವರಿಯಲ್ಲಿ ಅವರ ಮೊಣಕಾಲು ಹಿಡಿದುಕೊಂಡು ಆ ಕೆಲಸ ನನ್ನ ಪಾಲಿಗೆ ಬಂತು. ಮೆತ್ತನೆಯ ಬ್ರಷ್ ಕೈಗಿತ್ತು, "ಉಸಿರು ಸಹ ಜೋರಾಗಿ ಬಿಡಬೇಡ ಮಾರಾಯ್ತಿ," ಎಂದರು.

ಬಾಗಿಲು ತೆರೆದರೆ, ಅಕ್ಕಾ, ಒಳಗೆ ನಮ್ಮ ಸ್ಟೇಷನ್ ಇತ್ತು.

ಸೊಲ್ಲಾಪುರ–ಗದಗ ಮೀಟರ್ ಗೇಜ್ ಹಳಿಯ ಮೇಲಿನ ಅದೇ ನಮ್ಮ ಸಣ್ಣ ಸ್ಟೇಷನ್, ಎರಡು ಮಂಚದಷ್ಟು ಅಗಲದ ಹಲಗೆಯ ಮೇಲೆ ಪುಟ್ಟದಾಗಿ ಕಟ್ಟಿದ್ದು. ಬೇವಿನ ಮರ, ನೀರಿನ ಟಾಕಿ, ಬೆಂಕಿ ಬಿದ್ದರೆಂದು ಮರಳು ತುಂಬಿ ತೂಗುಹಾಕಿದ ಕೆಂಪು ಬಕೆಟ್ಟುಗಳು. ನಮ್ಮ ಕ್ವಾರ್ಟರ್ಸಿನ ಮುಂದೆ ಬಿಸಿಲಿಗೆ ಹಾಕಿದ ಉಗುರಿನಷ್ಟು ಕೌದಿ. ಬ್ರಾಡ್ ಗೇಜ್ ಬಂದ ಮೇಲೆ ಅಲ್ಲಿ ಒಂದು ಕಲ್ಲೂ ಉಳಿದಿಲ್ಲವೆಂದು ನೀನೇ ಹೇಳಿದ್ದೆ. ಅಲ್ಲಿ ಎಂದೂ ಇಳಿಯದ ಒಬ್ಬ ಮನುಷ್ಯ ಅದನ್ನು ಮುಂಬಯಿಯ ಮೂರನೇ ಮಹಡಿಯಲ್ಲಿ ಕಾಯ್ದಿಟ್ಟಿದ್ದರು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬೆಂಕಿಕಡ್ಡಿಗಿಂತ ಗಿಡ್ಡ ಮನುಷ್ಯನೊಬ್ಬ ಬೆತ್ತದ ಬಳೆ ಎತ್ತಿ ಹಿಡಿದು ನಿಂತಿದ್ದ. ಮುಂದಿನ ಹಳಿ ಖಾಲಿ ಇದೆ ಎಂಬ ಗುರುತಿಗೆ ಅಪ್ಪ ಡ್ರೈವರನಿಗೆ ಕೊಡುತ್ತಿದ್ದನಲ್ಲ, ಅದೇ ಬಳೆ. ಅಪ್ಪ ಸಿಕ್ಕ ಎಂದುಕೊಂಡೆ. ಬಗ್ಗಿ ನೋಡಿದರೆ ಬಳೆ ಬಲಗೈಯಲ್ಲಿತ್ತು. ಸ್ಟೇಷನ್ ಮಾಸ್ತರರು ಎಷ್ಟು ಬೈದರೂ ನಮ್ಮಪ್ಪ ಎಡಗೈ ಬಿಟ್ಟವನಲ್ಲ. ಬಲಗೈಯೆಂದರೆ ಇನ್ನೊಂದು ಪಾಳಿಯ ಯಲ್ಲಾಲಿಂಗ ಕಾಕಾ. ಅಪ್ಪ ತೀರಿಕೊಂಡ ಮೇಲೆ, ಅವನದೊಂದು ಫೋಟೋ ಇಲ್ಲದೆ, ಅವ್ವ ಮೂವತ್ತು ವರ್ಷದಿಂದ ಅವನ ಹಸಿರು ನಿಶಾನೆಯ ಕೋಲಿಗೆ ವಿಭೂತಿ ಹಚ್ಚುತ್ತಿದ್ದಾಳೆ. ಇಷ್ಟು ಹತ್ತಿರ ಬಂದೂ ಸಿಗಲಿಲ್ಲವಲ್ಲ ಎಂದು ಸಂಕಟವಾಯಿತು.

ಆದರೆ ಒರೆಸುತ್ತ ಒರೆಸುತ್ತ ಏನೋ ಸರಿಯಿಲ್ಲ ಅನ್ನಿಸಿತು. ನಮ್ಮ ಬಾಗಿಲಿನಿಂದ ನೀರಿನ ಟಾಕಿಗೆ ಕೊಡ ಹೊತ್ತು ಮನಸ್ಸಿನಲ್ಲೇ ನಡೆದೆ. ನಾವು ಎಡಕ್ಕೆ ಹೊರಳುತ್ತಿದ್ದೆವು. ಇಲ್ಲಿ ಬಲಕ್ಕೆ ಹೊರಳಬೇಕಿತ್ತು. ಮರ, ಬಾವಿ, ಗೇಟು, ಎಲ್ಲವೂ ಹಾಗೆಯೇ ಆಚೀಚೆ. ಸಾಲಿಯಾನರು ಇದನ್ನೆಲ್ಲ ಕಟ್ಟಿದ್ದು 1987ರಲ್ಲಿ ಯಾರೋ ರೈಲಿನ ಹುಚ್ಚಿನವರು ತೆಗೆದ ಒಂದೇ ಒಂದು ಫೋಟೋ ನೋಡಿ. ನಿನ್ನ ಮದುವೆಯ ಫೋಟೋದಲ್ಲಿ ಮೂಗುತಿ ಆಚೆ ಬದಿಗೆ ಬಂದು ಸ್ಟುಡಿಯೋದವನ ಜೊತೆ ಜಗಳಾಡಿದ್ದೆಯಲ್ಲ, ಫಿಲ್ಮ್ ಮಗುಚಿಟ್ಟು ಪ್ರಿಂಟ್ ಹಾಕಿದ್ದಾನೆಂದು? ಇದೂ ಹಾಗೆಯೇ ಆಗಿದ್ದರೆ ಆ ಬಲಗೈ ಎಡಗೈ ಆಗುತ್ತದೆ. ನಿಂತವನು ಅಪ್ಪನಾಗುತ್ತಾನೆ.

ಹೇಳಿದರೆ ಅವರ ಮೂರು ವರ್ಷದ ಕೆಲಸ ತಪ್ಪೆಂದು ಹೇಳಿದಂತೆ. ಹಳೆಯ ಹಳಿಗಳ ನೆನಪು ಕಾಯುವ ಅವರ ಗೆಳೆಯರ ಬಳಗ ಫೆಬ್ರವರಿ ಎರಡಕ್ಕೆ ಬೈಕುಲ್ಲಾದಲ್ಲಿ ಪ್ರದರ್ಶನ ಬೇರೆ ಇಟ್ಟುಕೊಂಡಿತ್ತು. ಆದರೂ ಮರುದಿನವೇ ಚಹಾ ಕೊಡುವಾಗ ಬಾಯಿಬಿಟ್ಟೆ. "ಸರ, ನಿಮ್ಮ ಸ್ಟೇಷನ್ ಉಲ್ಟಾ ಆಗೇದ್ರಿ. ನಾ ಅಲ್ಲೇ ಹುಟ್ಟಿ ಬೆಳದಾಕಿ," ಎಂದೆ.

ಅವರು ಚಹಾ ಮುಟ್ಟಲಿಲ್ಲ. ಕುಂಟುತ್ತ ಹೋಗಿ ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತ ಮಾಡುತ್ತ ಬಕೆಟ್ಟುಗಳ ಹತ್ತಿರ ನಿಲ್ಲಿಸಿದರು. ಅವುಗಳ ಮೇಲೆ ಬಿಳಿ ಚುಕ್ಕೆಗಳಂತಿದ್ದವು ಅಕ್ಷರಗಳಾದವು. ಒಂದೊಂದೂ ತಿರುವುಮುರುವು. "ಎಂತ ಮಾರಾಯ್ತಿ, ಮೂರು ವರ್ಷ ನಾನು ಕನ್ನಡಿ ಒಳಗೆ ಕೂತಿದ್ದೆನಾ?" ಎಂದರು. ಬೈಯಲಿಲ್ಲ.

ಗೆಳೆಯರು ಬಂದು, ಯಾರಿಗೆ ಗೊತ್ತಾಗುತ್ತದೆ, ಹೀಗೇ ಇಡಿ ಎಂದರು. "ಇವಳಿಗೆ ಗೊತ್ತಾಯ್ತಲ್ಲ," ಎಂದು ಹೇಳಿ ಸಾಲಿಯಾನರು ಬೇವಿನ ಮರದಿಂದಲೇ ಕೀಳಲು ಶುರು ಮಾಡಿದರು. ಪ್ರದರ್ಶನಕ್ಕೆ ಆಗ ಉಳಿದದ್ದು ನಾಲ್ಕೇ ದಿನ. ಎರಡು ವಾರ ಸಿಕ್ಕಿದ್ದರೆ ಎಲ್ಲರೂ ಕೂಡಿ ಮಾಡಿಬಿಡುತ್ತಿದ್ದೆವು ಎಂದರು ಗೆಳೆಯರು. ಪ್ರದರ್ಶನ ತಪ್ಪಿತು.

ಈಗ ದಿನವೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕೇಳುತ್ತಾರೆ. ಬಾವಿಕಟ್ಟೆ ಎಷ್ಟು ಎತ್ತರ? ಆಡು ಎಲ್ಲಿ ಕಟ್ಟುತ್ತಿದ್ದಿರಿ? ನಾನು ಹೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾರೆ. ನನ್ನ ಮಾತನ್ನು ಇದುವರೆಗೆ ಯಾರೂ ಬರೆದುಕೊಂಡಿರಲಿಲ್ಲ, ಅಕ್ಕಾ. ಮೊನ್ನೆ ಹೊಸ ಮನುಷ್ಯನನ್ನು ಮಾಡಿ, ಎಡಗೈಗೆ ಬಳೆ ಕೊಟ್ಟು, ನನ್ನ ಕೈಯಿಂದಲೇ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದರು. ಅಂಟು ಒಣಗುವ ತನಕ ನಾನು ಅಪ್ಪನನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದೆ.

ಈಗ ಫೋಟೋ ತೆಗೆ. 1987ರ ಆ ಫೋಟೋವನ್ನೇ ಸರಿಮಾಡಿ ಹಾಕಿದ ಪ್ರಿಂಟ್ ಅದು. ಮುಖ ಎಳ್ಳುಕಾಳಿನಷ್ಟಿದೆ, ಕಣ್ಣುಮೂಗು ತಿಳಿಯದು. ಕೈ ನೋಡು. ಅವ್ವನಿಗೆ ಏನೂ ಹೇಳದೆ ಕೊಡು.

ನಿನ್ನ ತಂಗಿ,
ಭುವನೇಶ್ವರಿ

ತಾ.ಕ.: ಮರುದಿನವೇ ಹೇಳಿದೆ ಎಂದು ಮೇಲೆ ಬರೆದದ್ದು ಸುಳ್ಳು. ಹನ್ನೊಂದು ದಿನ ಸುಮ್ಮನಿದ್ದೆ. ಅವರ ಪ್ರದರ್ಶನ ತಪ್ಪಿದ್ದು ನನ್ನಿಂದ. ಕೆಲಸ ಹೋದೀತೆಂಬ ಭಯವಲ್ಲ. ಫೋಟೋ ಸರಿಯಾಗಿಯೇ ಇದೆ ಎಂದು ಅವರು ತೋರಿಸಿಬಿಟ್ಟಿದ್ದರೆ ಅವನು ಮತ್ತೆ ಯಲ್ಲಾಲಿಂಗ ಕಾಕಾ ಆಗಿಬಿಡುತ್ತಿದ್ದ. ಕೇಳದಿರುವ ತನಕ ಅವನು ಅಪ್ಪನೇ. ದಿನವೂ ಒರೆಸುವ ನೆಪದಲ್ಲಿ ಹೋಗಿ, ಬಗ್ಗಿ, ಅಪ್ಪಾ ಎಂದು ಕರೆದು ಬರುತ್ತಿದ್ದೆ. ಸಾಲಿಯಾನರಿಗೆ ಇದನ್ನು ನಾಳೆ ಚಹಾ ಕೊಡುವಾಗ ಹೇಳುತ್ತೇನೆ.