ದೋಣಿಯಲ್ಲಿ ಅಮ್ಮನ ಜಾಗ

ಬ್ರಿನ್,

ನೀನು ಏಳುವ ಹೊತ್ತಿಗೆ ನಾನು ಕಡಲತೀರಕ್ಕೆ ಹೋಗಿರುತ್ತೇನೆ. ಈವತ್ತು ದೋಣಿಗೆ ನೀನು, ಅಪ್ಪ ಇಬ್ಬರೇ ಹೋಗಿ. ನನಗೆ ತಲೆನೋವೆಂದು ಅವನಿಗೆ ಹೇಳಿದ್ದೇನೆ. ಅದು ಸುಳ್ಳು, ನೀನು ಕೆದಕಲು ಹೋಗಬೇಡ.

ಪ್ಯಾನ್‌ಕೇಕ್ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಒದ್ದೆ ಟವೆಲನ್ನು ಮತ್ತೆ ನನ್ನ ಹಾಸಿಗೆಯ ಮೇಲೆ ಎಸೆದು ಹೋಗಬೇಡ, ಎಷ್ಟು ಸಲ ಹೇಳುವುದು? ಫ್ಲೋರಿಡಾದ ಬಿಸಿಲು ಹಿಮದ ನಾಡು ಮಿನೆಸೋಟದಿಂದ ಬಂದ ನಮ್ಮ ಚರ್ಮವನ್ನು ಜನವರಿಯಲ್ಲೂ ಸುಡುತ್ತದೆ. ಕಿವಿಗೂ ಕ್ರೀಮ್ ಹಚ್ಚಿಕೋ.

ನಿನ್ನೆ ಆ ಮ್ಯಾನಟಿ, ಆ ದಪ್ಪ ಕಡಲಹಸು, ತನ್ನ ಮರಿಯನ್ನು ಕಟ್ಟಿಕೊಂಡು ದೋಣಿಯ ಪಕ್ಕಕ್ಕೇ ಬಂದು, ಮೂತಿ ಎತ್ತಿ ಉಸಿರು ಬಿಟ್ಟಾಗ ನೀನು ನಗುತ್ತಾ ಹಿಂದೆ ತಿರುಗಿದೆ. ಅಲ್ಲಿ ನಾನಿದ್ದೆ. ನಿನ್ನ ನಗು ಅಲ್ಲೇ ನಿಂತಿತು.

"ಅಮ್ಮ ಯಾವಾಗ್ಲೂ ಅಲ್ಲೇ ಕೂತ್ಕೋತಿದ್ಳು ಅಲ್ವಾಪ್ಪಾ," ಎಂದು ನೀನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಸುಮ್ನಿರೇ, ಮಾರ್ಲೀನ್ ಬೇಜಾರ್ ಮಾಡ್ಕೋತಾಳೆ," ಎಂದ ನಿನ್ನ ಅಪ್ಪ.

ಬೇಜಾರಾಯಿತು, ನಿಜ. ಆದರೆ ನೀನು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಿನ್ನ ಅಮ್ಮ ತೀರಿಕೊಂಡ ಮೇಲೆ ನೀವು ಇಲ್ಲಿಗೆ ಬಂದದ್ದು ಇದೇ ಮೊದಲು. ಅಪ್ಪನ ಹೊಸ ಹೆಂಡತಿಯಾಗಿ ಜೊತೆಗೆ ಬರುತ್ತೇನೆಂದು ಹಟ ಹಿಡಿದವಳು ನಾನೇ. ಈವತ್ತು ಅಪ್ಪನ ಹತ್ತಿರ ಅಮ್ಮನ ಮಾತು ಎಷ್ಟು ಬೇಕೋ ಅಷ್ಟು ಆಡು. ಅವನಿಗೂ ಆಡುವ ಆಸೆಯಿದೆ, ನನ್ನೆದುರು ಬಾಯಿ ಬಿಡುವುದಿಲ್ಲ ಅಷ್ಟೆ.

ಕತ್ತಲಾಗುವ ಮೊದಲು ಬರುತ್ತೇನೆ. ಮನೆಗೆ ಇರುವ ಒಂದೇ ಕೀಲಿಯನ್ನು ನಿಮಗೆ ಬಿಟ್ಟಿದ್ದೇನೆ. ನೀವು ಮೊದಲು ಬಂದರೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಡಿ.

ಮಾರ್ಲೀನ್